ಬಲೂನ್ ಊದಿಸುವ ಮೊದಲು ಕೂಲೆಂಟ್ ಸೋರುವುದನ್ನು ನಿಲ್ಲಿಸಿ

ಇವತ್ತು ತುಂಬಾ ಸಿಟ್ಟು ಬಂದಿದೆ. ಬರೆದು ಹೊರಗೆ ಹಾಕದಿದ್ದರೆ ರಾತ್ರಿ ಊಟ ಸೇರುವುದಿಲ್ಲ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಶಾಪ್‌ನಲ್ಲಿ, ಅಂದರೆ ಲೋಹದ ಬಿಡಿಭಾಗ ಮಾಡುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ, ಎಲ್ಲ ಮೆಷಿನ್ ನಿಂತವು. ಕರೆಂಟ್ ಹೋಗಿರಲಿಲ್ಲ. ಹೊರಗಿನಿಂದ ಒಬ್ಬ ತರಬೇತುದಾರರನ್ನು ಕರೆಸಿದ್ದರು. ತಂಡ ಡಲ್ ಆಗಿದೆ, ಹುಮ್ಮಸ್ಸು ತುಂಬಬೇಕು ಅಂತ ನಮ್ಮ ಹೊಸ ಮ್ಯಾನೇಜರ್ ಮಾಡಿದ ಏರ್ಪಾಡು. ಎಂಟು ಜನ ಆಪರೇಟರ್‌ಗಳನ್ನು ಸಾಲಾಗಿ ನಿಲ್ಲಿಸಿದರು. ಆಳಿಗೊಂದು ಬಲೂನ್ ಕೊಟ್ಟು, ನಿಮ್ಮ ಭಯವನ್ನೆಲ್ಲ ಇದರೊಳಗೆ ಊದಿ, ಆಮೇಲೆ ಒಡೆಯಿರಿ ಅಂದರು. ಎಲ್ಲರೂ ಊದಿದರು, ಒಡೆದರು. ‘ನಾನು ಗೆದ್ದೇ ಗೆಲ್ಲುತ್ತೇನೆ’ ಅಂತ ಕೂಗಿಸಿದರು. ದನಿ ಸಾಲದು ಅಂತ ಇನ್ನೊಂದು ಸಲ ಕೂಗಿಸಿದರು. ನಮ್ಮ ಹಿರಿಯ ಆಪರೇಟರ್ ಇದ್ದಾರಲ್ಲ, ವಿಎಂಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮೆಷಿನ್) ಮುಂದೆ ನಿಂತೇ ತಲೆ ಬೆಳ್ಳಗಾದವರು, ಅವರು ಕೂಗುತ್ತಾ ನನ್ನ ಕಡೆ ನೋಡಿದರು. ಅವರ ಷೂ ಎರಡೂ ಒದ್ದೆ. ಅವರ ಮೆಷಿನ್ನಿನಿಂದ ಕೂಲೆಂಟ್, ಅಂದರೆ ಲೋಹ ಕೊರೆಯುವಾಗ ತಣ್ಣಗಿಡುವ ದ್ರವ, ಸೋರಿ ನೆಲಕ್ಕೆ ಹರಿಯುತ್ತೆ, ದಿನಾ ಬೆಳಗ್ಗೆ ಗೋಣಿಚೀಲ ಹಾಸಿಕೊಂಡು ಅದರ ಮೇಲೆ ನಿಂತು ಕೆಲಸ ಮಾಡುತ್ತಾರೆ. ಸೋರದಂತೆ ತಡೆಯುವ ಸೀಲ್ ಹೋಗಿದೆ, ಬದಲಾಯಿಸಿ ಅಂತ ಹೇಳಿ ತಿಂಗಳುಗಳಾದವು. ಇವತ್ತು ಬಂದವರಿಗೆ ಕೊಟ್ಟ ಸಂಭಾವನೆಯಲ್ಲಿ ಆ ಸೀಲ್ ಬದಲಾಯಿಸಿ ಇನ್ನೂ ಹಣ ಉಳಿಯುತ್ತಿತ್ತು.

ಇಷ್ಟೇ ನನ್ನ ತಕರಾರು. ಜನರೊಳಗೆ ಹುಮ್ಮಸ್ಸು ತುಂಬಲು ಹೋಗಬೇಡಿ. ಅದು ಅವರಲ್ಲೇ ಇರುತ್ತೆ. ಅದನ್ನು ದಿನಾ ಕೊಲ್ಲುತ್ತಿರುವುದು ಯಾವುದು ಅಂತ ನೋಡಿ, ಅದನ್ನು ತೆಗೆಯಿರಿ.

ಇರುತ್ತೆ ಅಂತ ಸುಮ್ನೆ ಹೇಳುತ್ತಿಲ್ಲ. ಆಯುಧಪೂಜೆಗೆ ಯಾವುದೇ ಸಣ್ಣ ಶಾಪ್‌ಗೆ ಬಂದು ನೋಡಿ. ಹಿಂದಿನ ದಿನವೇ ಬನಿಯನ್ ವೇಸ್ಟ್, ಸೀಮೆಎಣ್ಣೆ ಹಿಡಿದು ಒಬ್ಬೊಬ್ಬರೂ ತಮ್ಮ ತಮ್ಮ ಮೆಷಿನ್ ಒರೆಸುತ್ತಾರೆ. ಚಿಪ್ ಟ್ರೇ ಪೂರ್ತಿ ಹೊರಗೆ ಎಳೆದು, ವರ್ಷವೆಲ್ಲ ಕೈ ಹೋಗದ ಮೂಲೆಗೆ ಕೈ ಹಾಕಿ, ಜಿಡ್ಡು ಕೆರೆದು ತೆಗೆಯುತ್ತಾರೆ. ಯಾರೂ ಹೇಳಿರುವುದಿಲ್ಲ. ಓವರ್‌ಟೈಮ್ ಕೇಳುವುದಿಲ್ಲ. ಬಾಳೆಕಂದು ಕಟ್ಟುವುದು ಯಾರು, ಚೆಂಡುಹೂವು ಯಾವ ಮೆಷಿನ್ನಿಗೆ ಎಷ್ಟು ಮಾರು ಅಂತ ಜಗಳ ಆಡುತ್ತಾರೆ. ಪೂಜೆ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ‘ಇದೇ ನೋಡು ನನ್ನ ಮೆಷಿನ್’ ಅಂತ ತೋರಿಸುತ್ತಾರೆ. ನನ್ನ ಮೆಷಿನ್! ಮಾಲೀಕರದ್ದಲ್ಲ, ಬ್ಯಾಂಕಿನದ್ದಲ್ಲ. ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ, ಸಂಜೆ ಮನೆಗೆ ಹೋಗುವಾಗ ಆ ಮುಖಗಳನ್ನು ನೋಡಬೇಕು. ಮ್ಯಾನೇಜರ್ ‘ಇವರಿಗೆ ಕೆಲಸದ ಮೇಲೆ ಪ್ರೀತಿ ಇಲ್ಲ’ ಅಂತಾರಲ್ಲ, ಅದೇ ಎಂಟು ಜನ ಇವರು.

ಮೆಷಿನ್ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಂಟಿ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾಯಿತು. ಆಗಿನಿಂದ ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ ಕಡೆ ಮೆಷಿನ್ ಕೆಲಸ ಮನೆಮನೆಯ ಮಾತಾಗಿದೆ. ಅಪ್ಪ ಟರ್ನರ್, ಮಗ ಸಿಎನ್‌ಸಿ ಆಪರೇಟರ್, ಭಾವ ಟೂಲ್ ಗ್ರೈಂಡಿಂಗ್. ಈ ಜನರಿಗೆ ಕೆಲಸವನ್ನು ಪ್ರೀತಿಸಲು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಹಾಗಾದರೆ ಡಲ್ ಆಗಿದ್ದು ಹೇಗೆ? ಹತ್ತಿರದಿಂದ ನೋಡಿದವಳು ನಾನು, ಹೇಳುತ್ತೇನೆ. ನಾನು ಕ್ವಾಲಿಟಿಯಲ್ಲಿ, ಅಂದರೆ ತಯಾರಾದ ಪೀಸ್‌ನ ಅಳತೆ ಸರಿ ಇದೆಯಾ ಅಂತ ನೋಡುವ ಕಡೆ, ಇರುವವಳು. ನಮ್ಮಲ್ಲಿ ಒಂದು ಹೈಡ್ರಾಲಿಕ್ ಪಾರ್ಟ್ ಓಡುತ್ತೆ. ಅದರಲ್ಲಿ 25 ಮಿಲಿಮೀಟರ್‌ನ ಒಂದು ಬೋರ್ (ದುಂಡನೆಯ ರಂಧ್ರ), ಎಚ್7 ಟಾಲರೆನ್ಸ್ (ಅಳತೆಯಲ್ಲಿ ಬಿಟ್ಟಿರುವ ಹೆಚ್ಚುಕಡಿಮೆ). ಅಂದರೆ 25.000ದಿಂದ 25.021ರ ಒಳಗೆ ಇರಬೇಕು. 21 ಮೈಕ್ರಾನ್ ಜಾಗ, ತಲೆಕೂದಲಿಗಿಂತ ಎಷ್ಟೋ ಸಣ್ಣದು. ಬೋರಿಂಗ್ ಬಾರ್‌ನ ಇನ್ಸರ್ಟ್ (ಲೋಹ ಕೊರೆಯುವ ತುದಿ) ಸವೆಯುತ್ತಾ ಹೋದ ಹಾಗೆ ಬೋರ್ ಮೆಲ್ಲಗೆ ಚಿಕ್ಕದಾಗುತ್ತಾ ಬರುತ್ತೆ. ಒಳ್ಳೆಯ ಆಪರೇಟರ್ ಆದರೆ ಪೀಸ್ ಔಟ್ ಆಗುವವರೆಗೆ, ಅಂದರೆ ಅಳತೆ ಮೀರುವವರೆಗೆ, ಕಾಯುವುದಿಲ್ಲ. ಕಟಿಂಗ್ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತೆ. ‘ಮೇಡಂ, ಬೋರ್ ಕೆಳಗಡೆ ಬರ್ತಾ ಇದೆ, ಆಫ್‌ಸೆಟ್ ಕೊಡ್ಲಾ, ಇನ್ಸರ್ಟ್ ತಿರುಗಿಸ್ಲಾ?’ ಅಂತ ಕರೆಯುತ್ತಾನೆ. ಆಫ್‌ಸೆಟ್ ಅಂದರೆ ಮೆಷಿನ್ನಿನಲ್ಲಿ ಅಳತೆ ತಿದ್ದುವುದು. ಆ ಒಂದು ಕರೆ ಇದೆಯಲ್ಲ, ಅದೇ ತಂಡದ ಜೀವ. ಯಾವ ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲೂ ಅದು ಬರುವುದಿಲ್ಲ.

ತಂಡ ಸೋಲುವಾಗ ಮೊದಲು ನಿಲ್ಲುವುದು ಆ ಕರೆ. ಗಲಾಟೆ ಇರುವುದಿಲ್ಲ, ಜಗಳ ಇರುವುದಿಲ್ಲ. ಎಲ್ಲರೂ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಪಂಚ್ ಮಾಡುತ್ತಾರೆ, ಸೈಕಲ್ ಸ್ಟಾರ್ಟ್ ಒತ್ತುತ್ತಾರೆ. ಪೀಸ್ ನನ್ನ ಟೇಬಲ್ಲಿಗೆ ಬಂದ ಮೇಲೆ ಔಟ್ ಅಂತ ಗೊತ್ತಾಗುತ್ತೆ. ‘ಯಾಕಪ್ಪಾ ಹೇಳಲಿಲ್ಲ?’ ಅಂದರೆ ತಲೆ ಎತ್ತದೆ, ‘ಹೇಳಿ ಏನಾಗ್ಬೇಕು ಮೇಡಂ?’ ಅಂತಾನೆ. ಆ ಮಾತು ಕೇಳಿದ ದಿನ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಅವನದು ಸೋಮಾರಿತನ ಅಲ್ಲ. ಎಷ್ಟೋ ಸಲ ಹೇಳಿ, ಹೇಳಿದ್ದೆಲ್ಲ ಗಾಳಿಗೆ ಹೋಗಿದ್ದನ್ನು ನೋಡಿ, ಕೊನೆಗೆ ಹೇಳುವುದನ್ನೇ ಬಿಟ್ಟಿದ್ದ. ಲೆಕ್ಕ ಸರಿಯಾಗೇ ಹಾಕಿದ್ದ.

ಹೋದ ವರ್ಷ ಇದೇ ತಂಡ ಇದೇ ಸ್ಥಿತಿಯಲ್ಲಿತ್ತು, ನೆನಪಿದೆಯಾ? ಆಗಲೂ ಇಲ್ಲಿ ಗೋಳಾಡಿದ್ದೆ. ಆಮೇಲೆ ಏನಾಯಿತು ಅಂತ ಬರೆಯಲೇ ಇಲ್ಲ. ಈಗ ಬರೆಯುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಮಾತ್ರ ಇವತ್ತಿನ ನನ್ನ ಸಿಟ್ಟು ಅರ್ಥ ಆಗುತ್ತೆ.

ನಮ್ಮ ಮಾಲೀಕರು ಕೆಟ್ಟವರಲ್ಲ. ತಾವೇ ಲೇಥ್ ಮೇಲೆ ಕೆಲಸ ಮಾಡಿ ಮೇಲೆ ಬಂದವರು. ಅವರ ಹತ್ತಿರ ಕೂತು ಒಂದೇ ವಿಷಯ ಕೇಳಿದೆ. ಟೂಲ್ ರೂಮ್ ಪಕ್ಕದ ಗೋಡೆಗೆ ಒಂದು ವೈಟ್‌ಬೋರ್ಡ್ ಹಾಕುತ್ತೇನೆ. ಯಾರಿಗೆ ಏನು ತೊಂದರೆ ಇದೆಯೋ ಅವರೇ ಬರೆಯಲಿ. ಅದರ ಎದುರಿಗೆ ನಾವು ಯಾರು ನೋಡುತ್ತೇವೆ, ಯಾವತ್ತು ಮಾಡುತ್ತೇವೆ ಅಂತ ಬರೆಯೋಣ. ಆಗದೇ ಇದ್ದರೆ ‘ಆಗಲ್ಲ’ ಅಂತಲೇ ಬರೆದು ಕಾರಣ ಹಾಕೋಣ. ‘ನೋಡೋಣ’ ಅಂತ ಮಾತ್ರ ಬರೆಯುವ ಹಾಗಿಲ್ಲ. ಅವರು ಒಪ್ಪಿದರು.

ಮೊದಲು ಒಬ್ಬರೂ ಬರೆಯಲಿಲ್ಲ. ಬೋರ್ಡ್ ಖಾಲಿ ಇತ್ತು. ಅದು ಸಹಜ ಅಲ್ವಾ? ನಂಬಿಕೆ ಹೋದ ಕಡೆ ಬೋರ್ಡ್ ನೇತುಹಾಕಿದ ತಕ್ಷಣ ನಂಬಿಕೆ ಬರುವುದಿಲ್ಲ. ಆಮೇಲೆ ನಮ್ಮ ಚಿಕ್ಕ ಹುಡುಗ, ಐಟಿಐ ಮುಗಿಸಿ ಬಂದವನು, ಸಣ್ಣ ಅಕ್ಷರದಲ್ಲಿ ‘ಬೋರ್ ಗೇಜ್ ಒಂದೇ ಇದೆ’ ಅಂತ ಬರೆದ. ನಿಜ. ಎರಡು ಮೆಷಿನ್ನಿಗೆ ಬೋರ್ ಅಳೆಯುವ ಗೇಜ್ ಒಂದೇ. ಒಬ್ಬ ಅಳೆಯುವವರೆಗೆ ಇನ್ನೊಬ್ಬ ಶಾಪ್‌ನ ಆ ತುದಿಯಲ್ಲಿ ಕಾಯಬೇಕು. ಕಾಯಲು ಬೇಜಾರಾಗಿ ಅಳೆಯದೆಯೇ ಓಡಿಸುತ್ತಿದ್ದರು, ರಿಜೆಕ್ಷನ್ ಬಂದಾಗ ಬೈಗುಳ ತಿನ್ನುತ್ತಿದ್ದರು. ಎರಡನೇ ಗೇಜ್ ತರಿಸಿದೆವು. ಬಂದ ದಿನ ಪೆಟ್ಟಿಗೆಯನ್ನು ಅವನ ಕೈಯಲ್ಲೇ ಒಡೆಸಿದೆವು, ಬೋರ್ಡ್ ಮೇಲಿನ ಗೆರೆಯನ್ನೂ ಅವನೇ ಅಳಿಸಿದ.

ಅದಾದ ಮೇಲೆ ಬೋರ್ಡ್ ತುಂಬಿತು. ಪೀಸ್ ಹಿಡಿದಿಡುವ ಫಿಕ್ಸ್ಚರ್‌ನ ಕ್ಲ್ಯಾಂಪ್ ಬೋಲ್ಟ್‌ಗೆ ಥ್ರೆಡ್ ಹೋಗಿದೆ, ಸ್ಪ್ಯಾನರ್‌ಗೆ ಪೈಪ್ ಹಾಕಿ ಬಿಗಿಯಬೇಕು. ಎರಡನೇ ಶಿಫ್ಟ್‌ಗೆ ಟೀ ಬರುವಷ್ಟರಲ್ಲಿ ತಣ್ಣಗಾಗಿರುತ್ತೆ. ಇನ್‌ಸ್ಪೆಕ್ಷನ್ ಟೇಬಲ್ ಮೇಲಿನ ಲೈಟ್ ಮಿಣಮಿಣ ಅನ್ನುತ್ತೆ. ಡ್ರಾಯಿಂಗ್ ಹಳೆಯ ರಿವಿಷನ್. ಒಂದೂ ದೊಡ್ಡ ಬೇಡಿಕೆ ಅಲ್ಲ ನೋಡಿ. ಎಲ್ಲವೂ ಕೆಲಸ ಸರಿಯಾಗಿ ಮಾಡಲು ಬಿಡಿ ಅನ್ನುವ ಮಾತುಗಳೇ. ಎಸಿ ಹಾಕಿಸಿ ಅಂತ ಒಬ್ಬರು ಬರೆದರು. ‘ಆಗಲ್ಲ, ಈ ಶೆಡ್‌ಗೆ ಖರ್ಚು ಜಾಸ್ತಿ, ಎಕ್ಸಾಸ್ಟ್ ಫ್ಯಾನ್ ಇನ್ನೊಂದು ಹಾಕುತ್ತೇವೆ’ ಅಂತ ಮಾಲೀಕರೇ ಬರೆದರು. ಬರೆದವರಿಗೆ ಬೇಜಾರಾಗಲಿಲ್ಲ. ಉತ್ತರ ಸಿಕ್ಕಿತಲ್ಲ ಅಂದರು. ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ನಂಬುವುದಿಲ್ಲ. ಜನ ಇಲ್ಲ ಅನ್ನುವುದನ್ನು ತಡೆದುಕೊಳ್ಳುತ್ತಾರೆ. ಉತ್ತರವೇ ಬರದಿರುವುದನ್ನು ತಡೆದುಕೊಳ್ಳುವುದಿಲ್ಲ.

ಇನ್ನೊಂದು ಕೆಲಸ ಮಾಡಿದೆವು. ಇಬ್ಬಿಬ್ಬರನ್ನು ಕಸ್ಟಮರ್ ಕಡೆಗೆ ಕರೆದುಕೊಂಡು ಹೋಗಿ ನಮ್ಮ ಪಾರ್ಟ್ ಎಲ್ಲಿ ಕೂರುತ್ತೆ ಅಂತ ತೋರಿಸಿದೆವು. ಅವರ ಅಸೆಂಬ್ಲಿಯಲ್ಲಿ ಒಬ್ಬ ಹೆಣ್ಣುಮಗಳು ನಮ್ಮ ಬೋರ್‌ಗೆ ಸ್ಪೂಲ್ ಅನ್ನುವ ದುಂಡನೆಯ ಬಿಡಿಭಾಗ ಹಾಕುತ್ತಿದ್ದಳು. ಬೆರಳಲ್ಲಿ ಮೆಲ್ಲಗೆ ಬಿಟ್ಟರೆ ತನ್ನಷ್ಟಕ್ಕೇ ಜಾರಿ ಒಳಗೆ ಹೋಗಬೇಕು. ಬಿಗಿಯಾದರೆ ಪಕ್ಕದ ಕೆಂಪು ಬಿನ್‌ಗೆ. ನಮ್ಮ ಹಿರಿಯರು ಅಲ್ಲೇ ನಿಂತು ನೋಡಿದರು, ಸುಮಾರು ಹೊತ್ತು. ವಾಪಸ್ ಬರುವಾಗ ವ್ಯಾನಿನಲ್ಲಿ, ‘ಇಷ್ಟು ವರ್ಷ ಇದು ಯಾವುದಕ್ಕೆ ಹೋಗುತ್ತೆ ಅಂತ ಯಾರೂ ಹೇಳಿರಲಿಲ್ಲ’ ಅಂದರು. ಮರುದಿನದಿಂದ ಬೋರ್‌ನ ಅಂಚಿನ ಬರ್ (ಕೊರೆದಾಗ ಉಳಿಯುವ ಚೂಪಾದ ಲೋಹದ ಚೂರು) ತೆಗೆಯುವುದನ್ನು ಅವರೇ ಹುಡುಗರಿಗೆ ನಿಂತು ಕಲಿಸಲು ಶುರುಮಾಡಿದರು. ನಾನು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ‘ಮೇಡಂ, ಬೋರ್ ಕೆಳಗಡೆ ಬರ್ತಾ ಇದೆ’ ಅನ್ನುವ ಕರೆ ವಾಪಸ್ ಬಂತು. ಒಪ್ಪಿಕೊಳ್ಳುತ್ತೇನೆ, ಆ ದಿನ ಸ್ಟೋರ್ ರೂಮ್‌ಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ.

ಈಗ ಹೊಸ ಮ್ಯಾನೇಜರ್ ಬಂದಿದ್ದಾರೆ. ಕಸ್ಟಮರ್ ಆಡಿಟ್‌ಗೆ ಬಂದಾಗ ತೊಂದರೆಗಳ ಪಟ್ಟಿ ಗೋಡೆ ಮೇಲೆ ಕಂಡರೆ ಚೆನ್ನಾಗಿರಲ್ಲ ಅಂತ ಬೋರ್ಡ್ ಇಳಿಸಿದರು. ಆ ಜಾಗದಲ್ಲಿ ‘ತಿಂಗಳ ತಾರೆ’ ಅಂತ ಫೋಟೊ ಫ್ರೇಮ್. ತೊಂದರೆ ಇದ್ದರೆ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹಾಕಿ ಅಂದರು. ಹಾಕಿದರು. ಹೆಬ್ಬೆಟ್ಟಿನ ಚಿತ್ರ ಬಂತು, ಕೆಲಸ ಆಗಲಿಲ್ಲ. ಕೂಲೆಂಟ್ ಸೋರುವ ಫೋಟೊ ಆ ಗ್ರೂಪ್‌ನಲ್ಲಿ ಮೇಲೆ ಎಲ್ಲೋ ಗುಡ್ ಮಾರ್ನಿಂಗ್‌ಗಳ ನಡುವೆ ಹೂತುಹೋಗಿದೆ. ಕರೆ ಮತ್ತೆ ನಿಂತಿತು. ತಂಡ ಡಲ್ ಆಯಿತು ಅಂತ ಮ್ಯಾನೇಜರ್‌ಗೂ ಕಂಡಿತು, ಅದು ಕಂಡಿದ್ದು ಒಳ್ಳೆಯದೇ. ಆದರೆ ಮದ್ದು ಅಂತ ತಂದಿದ್ದು ಬಲೂನ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

‘ಈಗಿನ ಹುಡುಗರೇ ಹಾಗೆ, ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚ ಇಲ್ಲ, ಜನ ಬದಲಾದರೆ ಮಾತ್ರ ತಂಡ ಬದಲಾಗುತ್ತೆ’ ಅಂತ ಇಲ್ಲಿ ಯಾರಾದರೂ ಕಾಮೆಂಟ್ ಹಾಕುತ್ತೀರಿ, ಗೊತ್ತು. ನಾನು ಒಪ್ಪುವುದಿಲ್ಲ. ಒಪ್ಪದಿರಲು ನಮ್ಮ ಶಾಪ್‌ಗಿಂತ ಬಹಳ ದೊಡ್ಡ ಸಾಕ್ಷಿ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಅನ್ನುವ ಊರಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಇತ್ತು. ಅಲ್ಲಿನ ಕೆಲಸಗಾರರಿಗೆ ಇದ್ದ ಹೆಸರು ಬಹಳ ಕೆಟ್ಟದ್ದು. ಐವರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಕೆಲಸದ ಹೊತ್ತಲ್ಲೇ ಕುಡಿತ, ಕಾರಿನೊಳಗೆ ಬೇಕಂತಲೇ ಬಾಟಲಿ ಬಿಟ್ಟು ಡೋರ್ ಮುಚ್ಚುವುದು, ಮಾತು ಮಾತಿಗೂ ಮುಷ್ಕರ. ಇವರನ್ನು ಸರಿಮಾಡಲು ಆಗಲ್ಲ ಅಂತ 1982ರಲ್ಲಿ ಕಾರ್ಖಾನೆ ಮುಚ್ಚಿದರು. 1984ರಲ್ಲಿ ಟೊಯೋಟಾ ಜತೆ ಸೇರಿ ಅದನ್ನೇ ಮತ್ತೆ ತೆರೆದರು, ‘ನಮ್ಮಿ’ (NUMMI) ಅಂತ ಹೆಸರಿಟ್ಟರು. ಬಹುಪಾಲು ಕೆಲಸಗಾರರು ಅದೇ ಹಳೆಯವರು. ಯೂನಿಯನ್ ಕೂಡ ಅದೇ. ತಂಡ ತಂಡವಾಗಿ ಜಪಾನಿಗೆ ಕಳಿಸಿ ಕೆಲಸ ಕಲಿಸಿದರು. ಸಣ್ಣ ಸಣ್ಣ ತಂಡ ಮಾಡಿ ಪ್ರತಿ ತಂಡಕ್ಕೂ ಒಬ್ಬ ಲೀಡರ್ ಇಟ್ಟರು. ಲೈನ್ ಉದ್ದಕ್ಕೂ ಒಂದು ಹಗ್ಗ ಕಟ್ಟಿದರು. ತೊಂದರೆ ಕಂಡ ಯಾರೇ ಆಗಲಿ ಅದನ್ನು ಎಳೆಯಬಹುದು. ಎಳೆದರೆ ದೀಪ ಹತ್ತುತ್ತೆ, ಲೀಡರ್ ಓಡಿ ಬರುತ್ತಾನೆ, ಇಬ್ಬರೂ ಸೇರಿ ಸರಿ ಮಾಡುತ್ತಾರೆ. ಆಗದಿದ್ದರೆ ಇಡೀ ಲೈನ್ ನಿಲ್ಲುತ್ತೆ. ಹಿಂದೆ ಅದೇ ಜಾಗದಲ್ಲಿ ಏನೇ ಆದರೂ ಲೈನ್ ನಿಲ್ಲಿಸುವ ಹಾಗಿರಲಿಲ್ಲ! ಸ್ವಲ್ಪ ಕಾಲದಲ್ಲೇ ಗೈರುಹಾಜರಿ ಎರಡು ಮೂರು ಪರ್ಸೆಂಟ್‌ಗೆ ಇಳಿಯಿತು. ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಯ ಹತ್ತಿರಕ್ಕೆ ಬಂತು.

ಜನ ಬದಲಾಗಲಿಲ್ಲ ನೋಡಿ. ಕರೆದಾಗ ಯಾರಾದರೂ ಬರುತ್ತಾರೆ ಅನ್ನುವುದು ಬದಲಾಯಿತು.

ಹಗ್ಗ ಕಟ್ಟಿದರೆ ಸಾಕು ಅಂತಲೂ ಅಲ್ಲ. ಜನರಲ್ ಮೋಟಾರ್ಸ್ ಅದನ್ನೇ ತನ್ನ ವ್ಯಾನ್ ನೈಸ್ ಕಾರ್ಖಾನೆಗೆ ಒಯ್ಯಲು ನೋಡಿತು, ಅಲ್ಲಿ ಕೈಗೂಡಲಿಲ್ಲ, 1992ರಲ್ಲಿ ಅದು ಮುಚ್ಚಿಹೋಯಿತು. ಅಷ್ಟು ದೂರ ಯಾಕೆ? ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯೇ ಇದೆ. 2020ರ ನವೆಂಬರ್‌ನಲ್ಲಿ ಅಲ್ಲೂ ಮುಷ್ಕರ, ಲಾಕೌಟ್ ಆಗಿ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ಜಾಸ್ತಿ ಅಂತ ಕಾರ್ಮಿಕರು, ಶಿಸ್ತಿನ ಪ್ರಶ್ನೆ ಅಂತ ಆಡಳಿತ. ಹಾಗಾಗಿ ಪದ್ಧತಿಯ ಹೆಸರು ಹೇಳಿ ಯಾರೂ ಬೀಗುವುದು ಬೇಡ. ಕೇಳಿದ್ದಕ್ಕೆ ಉತ್ತರ ಬರುತ್ತಿದೆಯಾ ಇಲ್ಲವಾ ಅನ್ನುವುದನ್ನು ದಿನಾ ನೋಡಬೇಕು. ದಿನಾ.

ಸಂಬಳದ ಮಾತಿಗೂ ಬರುತ್ತೇನೆ. ಸಂಬಳ ಮುಖ್ಯ. ಹೊತ್ತಿಗೆ ಸರಿಯಾಗಿ ಬರಬೇಕು, ಪಿಎಫ್ ಕಟ್ಟಬೇಕು, ಓವರ್‌ಟೈಮ್ ಲೆಕ್ಕ ಸುಳ್ಳಾಗಬಾರದು. ಅದು ಇಲ್ಲದ ಕಡೆ ನನ್ನ ಈ ಬರಹವನ್ನು ಯಾರೂ ಓದಬೇಕಾಗಿಲ್ಲ, ಮೊದಲು ಅದನ್ನು ಸರಿಮಾಡಿ. ಆದರೆ ಅದೊಂದರಿಂದಲೇ ಕಣ್ಣಲ್ಲಿ ಕಳೆ ಬರುವುದಿಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳನ್ನು ಕೂರಿಸಿ ಕೇಳಿದ್ದರು, ಕೆಲಸದಲ್ಲಿ ತುಂಬಾ ಖುಷಿಯಾದದ್ದು ಯಾವಾಗ, ತುಂಬಾ ಬೇಸರವಾದದ್ದು ಯಾವಾಗ ಅಂತ. 1959ರಲ್ಲಿ ಅದು ಪ್ರಕಟವಾಯಿತು. ಬೇಸರದ ಕಥೆಗಳಲ್ಲಿ ಕಂಪನಿಯ ರೀತಿನೀತಿ, ಮೇಲಿನವರ ನಡವಳಿಕೆ ಎದ್ದು ಕಂಡವು. ಖುಷಿಯ ಕಥೆಗಳಲ್ಲಿ ಕೆಲಸ ಮಾಡಿ ಮುಗಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸವೇ ಚೆನ್ನಾಗಿದ್ದದ್ದು. ಒಳ್ಳೆಯದಾದರೆ ನಮ್ಮಿಂದ, ಕೆಟ್ಟದ್ದಾದರೆ ಕಂಪನಿಯಿಂದ ಅಂತ ಹೇಳುವುದು ಜನರ ಸ್ವಭಾವ, ಅದಕ್ಕೇ ಹೀಗೆ ಬಂತು ಅಂತ ಆಮೇಲಿನವರು ಟೀಕೆ ಮಾಡಿದ್ದಾರೆ. ಇರಬಹುದು. ಆದರೂ ನನ್ನ ಶಾಪ್‌ನಲ್ಲಿ ನಾನು ಕಂಡದ್ದು ಅದನ್ನೇ. ಬೋನಸ್ ಬಂದ ಖುಷಿ ಹಬ್ಬ ಮುಗಿಯುವವರೆಗೆ ಇತ್ತು. ಎರಡನೇ ಗೇಜ್ ಬಂದ ಖುಷಿ ಪ್ರತಿ ಶಿಫ್ಟ್‌ನಲ್ಲೂ ಇತ್ತು.

ಇವತ್ತಿನ ತರಬೇತುದಾರರ ಮೇಲೆ ನನಗೆ ಕೋಪ ಇಲ್ಲ, ಇದನ್ನು ಹೇಳಲೇಬೇಕು. ಅವರು ತಮ್ಮ ಕೆಲಸ ಮನಸ್ಸಿಟ್ಟು ಮಾಡಿದರು, ಬೆವರಿ ಒದ್ದೆಯಾಗಿದ್ದರು. ಕೋಪ ಇರುವುದು ಅವರನ್ನು ಕರೆಸಿದ ಯೋಚನೆಯ ಮೇಲೆ. ತಂಡ ಸೋತಿದೆ ಅಂದರೆ ತಪ್ಪು ತಂಡದ ಮನಸ್ಸಿನಲ್ಲಿದೆ ಅಂತ ತೀರ್ಮಾನಿಸುವ ಯೋಚನೆ ಅದು. ದಿನಾ ಒದ್ದೆ ನೆಲದ ಮೇಲೆ ನಿಂತು 21 ಮೈಕ್ರಾನ್ ಒಳಗೆ ಕೆಲಸ ಮಾಡುವ ಮನುಷ್ಯನಿಗೆ ‘ನಿಮ್ಮ ಆಲೋಚನೆ ಬದಲಿಸಿಕೊಳ್ಳಿ’ ಅನ್ನುವುದು ಅವಮಾನ. ಅವರು ಏನೂ ಹೇಳಲಿಲ್ಲ. ಹೇಳುವುದನ್ನು ಯಾವತ್ತೋ ಬಿಟ್ಟಿದ್ದಾರಲ್ಲ. ಮೂರೂವರೆಗೆ ಕಾರ್ಯಕ್ರಮ ಮುಗಿದು ಮೆಷಿನ್ ಶುರುವಾದಾಗ ಅವರು ಮೊದಲು ಮಾಡಿದ ಕೆಲಸ, ನೆಲದ ಮೇಲೆ ಬಿದ್ದ ಬಲೂನ್ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದದ್ದು. ಚಿಪ್ ಕನ್ವೇಯರ್‌ಗೆ ಸಿಕ್ಕಿದರೆ ಜಾಮ್ ಆಗುತ್ತೆ ಅಂತ. ಇಂಥವರಿಗೆ ಕೆಲಸದ ಮೇಲೆ ಪ್ರೀತಿ ಇಲ್ಲವಂತೆ!

ಚಿಕ್ಕ ಹುಡುಗನಿಗೆ ಬೇರೆ ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ. ಸಂಬಳ ಹೆಚ್ಚೇನೂ ಇಲ್ಲ. ‘ಅಲ್ಲಿ ಹೇಗಿದೆಯೋ ಗೊತ್ತಿಲ್ಲ ಮೇಡಂ, ಇಲ್ಲಿ ಹೇಗಿದೆ ಅಂತ ಗೊತ್ತಾಯ್ತಲ್ಲ’ ಅಂದ. ತಿಂಗಳ ಕೊನೆಯೊಳಗೆ ತೀರ್ಮಾನ ಮಾಡುತ್ತಾನಂತೆ. ಅವನು ಹೋದರೆ ಇನ್ನೊಬ್ಬ ಹುಡುಗನೂ ಹಿಂದೆಯೇ ಹೋಗುತ್ತಾನೆ. ಎಂಟು ಜನರ ತಂಡದಲ್ಲಿ ಇಬ್ಬರು ಹೋಗುವುದು ಅಂದರೆ ಏನು ಅಂತ ಸಣ್ಣ ಶಾಪ್ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೆಟ್ಟಿಂಗ್ ಗೊತ್ತಿರುವ ಹೊಸಬರನ್ನು ಹುಡುಕಿ ತಯಾರು ಮಾಡುವಷ್ಟರಲ್ಲಿ ಅರ್ಧ ವರ್ಷ ಹೋಗುತ್ತೆ.

ಸೋಮವಾರ ಬೆಳಗ್ಗೆ ಮಾಲೀಕರ ಹತ್ತಿರ ಹೋಗುತ್ತಿದ್ದೇನೆ. ಮ್ಯಾನೇಜರ್‌ಗೆ ಹೇಳಿಯೇ ಹೋಗುತ್ತೇನೆ, ಬೆನ್ನ ಹಿಂದೆ ಅಲ್ಲ. ಬೋರ್ಡ್ ವಾಪಸ್ ಬೇಕು. ಸೀಲ್ ಈ ವಾರವೇ ಆಗಬೇಕು. ಎರಡನೇ ವಿಎಂಸಿಯ ಸ್ಪಿಂಡಲ್ ಬಿಸಿಯಾದಾಗ ಕಿರ್ ಅನ್ನುತ್ತಿದೆ, ಅದನ್ನು ಬೋರ್ಡ್ ಮೇಲೆ ಮೊದಲ ಗೆರೆಯಾಗಿ ನಾನೇ ಬರೆಯುತ್ತೇನೆ. ಆಡಿಟ್‌ಗೆ ಬರುವವರು ನೋಡಲಿ. ತನ್ನ ತೊಂದರೆ ಏನು ಅಂತ ಗೊತ್ತಿರುವ ಶಾಪ್ ಅಂತ ಅವರಿಗೆ ಇನ್ನೂ ಜಾಸ್ತಿ ನಂಬಿಕೆ ಬರುತ್ತೆ.

ನನಗೆ ಗೊತ್ತಿಲ್ಲದ್ದು ಒಂದೇ. ಮ್ಯಾನೇಜರ್ ಬದಲಾದರೂ ಬೋರ್ಡ್ ಇಳಿಯದ ಹಾಗೆ ಮಾಡುವುದು ಹೇಗೆ? ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ, ಹುಬ್ಬಳ್ಳಿ ಗೋಕುಲ ರೋಡ್‌ನಲ್ಲಿ ಶಾಪ್ ನಡೆಸುವವರು, ಕೆಲಸ ಮಾಡುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ನಿಮ್ಮಲ್ಲಿ ಇಂಥದ್ದು ಒಬ್ಬರು ಹೋಗಿ ಇನ್ನೊಬ್ಬರು ಬಂದ ಮೇಲೂ ಉಳಿದಿದ್ದರೆ ಯಾಕೆ ಉಳಿಯಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಸೋಮವಾರ ಹತ್ತು ಗಂಟೆಯೊಳಗೆ ಬರೆದರೆ ಅದನ್ನೂ ಹಿಡಿದುಕೊಂಡು ಒಳಗೆ ಹೋಗುತ್ತೇನೆ.